ಯಯಾತಿಯ ಆಸೆಗೆ ಬೆಲೆ ತೆತ್ತವರು

ಬಯಸಿದ್ದು ಕೈಗೆ ಬಂದ ಮೇಲೆ, ಅದರ ಪರಿಣಾಮವನ್ನೂ ತಾಳಿಕೊಳ್ಳುವಷ್ಟು ಬೆಲೆ ಅದಕ್ಕಿತ್ತೇ ಎಂಬ ಪ್ರಶ್ನೆ ಬಂದಾಗ ನಮ್ಮಲ್ಲಿ ಥಟ್ಟನೆ ನೆನಪಾಗುವವನು ಯಯಾತಿ. ಮಗನ ಯೌವನ ಪಡೆದು ಸಾವಿರ ವರ್ಷ ಸುಖಪಟ್ಟ, ಆದರೂ ತೃಪ್ತಿಯಾಗಲಿಲ್ಲ. ಆದ್ದರಿಂದ ಆಸೆ ಬೇಡ. ಹರಿಕಥೆಯಲ್ಲಿ, ಪ್ರವಚನದಲ್ಲಿ ತಲೆತಲಾಂತರದಿಂದ ಕೇಳಿಬಂದ ಪಾಠ ಇದು. ಈ ಪಾಠವನ್ನು ನಾನು ಒಪ್ಪುವುದಿಲ್ಲ. ಯಯಾತಿಗೆ ತೃಪ್ತಿಯಾಯಿತೋ ಇಲ್ಲವೋ ಎಂಬುದು ಅವನ ಸ್ವಂತ ವಿಚಾರ. ಅವನ ಸುಖದ ಬೆಲೆ ತೆತ್ತವರು ಯಾರು ಎಂದು ಆ ಪಾಠ ಕೇಳುವುದೇ ಇಲ್ಲ.

ಮಹಾಭಾರತದ ಆದಿಪರ್ವದ ಕಥೆಯನ್ನೇ ನಿಧಾನವಾಗಿ ಓದಿ. ಹೆಂಡತಿ ದೇವಯಾನಿಗೆ ತಿಳಿಯದಂತೆ ಅವಳ ದಾಸಿ ಶರ್ಮಿಷ್ಠೆಯ ಜೊತೆ ಸಂಸಾರ ಮಾಡಿದ್ದಕ್ಕೆ ಶುಕ್ರಾಚಾರ್ಯರು ಅಳಿಯನಿಗೆ ಮುಪ್ಪಿನ ಶಾಪ ಕೊಡುತ್ತಾರೆ. ಅಂಗಲಾಚಿದಾಗ ಒಂದು ದಾರಿಯನ್ನೂ ಬಿಡುತ್ತಾರೆ: ಆ ಮುಪ್ಪನ್ನು ಬೇರೆಯವರಿಗೆ ದಾಟಿಸಬಹುದು. ತಪ್ಪು ಮಾಡಿದವನು ಒಬ್ಬ, ಅನುಭವಿಸುವವನು ಇನ್ನೊಬ್ಬ ಆಗುವುದು ಅಲ್ಲಿಂದ. ಯಯಾತಿ ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳುತ್ತಾನೆ. ಯದು ನೆರೆತ ಗಡ್ಡ, ಸುಕ್ಕುಗಟ್ಟಿದ ಮೈ, ಆಳುಕಾಳುಗಳ ಅಸಡ್ಡೆಯ ಮಾತೆತ್ತುತ್ತಾನೆ. ಮುದುಕನಿಗೆ ಆನೆ, ಕುದುರೆ, ರಥ ಯಾವುದನ್ನೂ ಏರಲಾಗದು ಎನ್ನುತ್ತಾನೆ ದ್ರುಹ್ಯು. ಮುದುಕ ಮಗುವಿನಂತೆ ಹೊತ್ತುಗೊತ್ತಿಲ್ಲದೆ ಉಣ್ಣುತ್ತಾನೆ, ಹೊತ್ತಿಗೆ ಸರಿಯಾಗಿ ಅಗ್ನಿಕಾರ್ಯವನ್ನೂ ಮಾಡಲಾರ ಎಂಬುದು ಅನುವಿನ ಅಂಜಿಕೆ. ತುರ್ವಸುವಿನ ಉತ್ತರವೂ ಇದೇ ಜಾಡಿನದು. ಮುಪ್ಪು ಎಂದರೇನು ಎಂದು ಈ ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಒಂದೊಂದು ಮಾತೂ ನಿಜ. ಆದರೂ ನಾಲ್ವರಿಗೂ ಅಪ್ಪನ ಶಾಪ ತಗಲುತ್ತದೆ. ಒಲ್ಲೆ ಎಂದವನಿಗೆ ಶಿಕ್ಷೆಯಿದ್ದರೆ ಒಪ್ಪಿದವನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾದೀತೇ? ಒಪ್ಪಿದ ಮಗ ಪೂರುವಿನ ಪಿತೃಭಕ್ತಿಯನ್ನು ಹೊಗಳುವವರು ಆ ನಾಲ್ಕು ಶಾಪಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು. ಅಂದಹಾಗೆ, ಒಲ್ಲೆ ಎಂದ ಆ ಯದುವಿನ ವಂಶದಲ್ಲೇ ಮುಂದೆ ಕೃಷ್ಣ ಹುಟ್ಟಿದ.

ಇನ್ನು ಯಯಾತಿಯ ವೈರಾಗ್ಯ. ವಿಶ್ವಾಚಿಯೆಂಬ ಅಪ್ಸರೆಯ ಜೊತೆ ವಿಹರಿಸಿ, ಸಾವಿರ ವರ್ಷ ತುಂಬಿದ ಮೇಲೆ ಹುಟ್ಟಿದ ವಿವೇಕ ಅದು. ಅಷ್ಟೂ ಕಾಲ ಮಗ ಮುದುಕನಾಗಿ ಕೂತಿದ್ದ. ಯೌವನ ಹಿಂತಿರುಗಿಸಿ ಪಟ್ಟ ಕಟ್ಟಿದ್ದರಿಂದ ಲೆಕ್ಕ ಚುಕ್ತಾ ಆಯಿತು ಎಂದು ಪುರಾಣ ತಿಳಿಯುತ್ತದೆ.

ಚುಕ್ತಾ ಆಗಲಿಲ್ಲ ಎಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದವರು ಗಿರೀಶ ಕಾರ್ನಾಡರು. 1961ರಲ್ಲಿ ಅಚ್ಚಾದ ಅವರ ‘ಯಯಾತಿ’ಯನ್ನು ಅಸ್ತಿತ್ವವಾದದ ನಾಟಕವೆಂದೇ ಓದುವ ರೂಢಿಯಿದೆ. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಮನೆಯವರ ನಿರೀಕ್ಷೆಗಳ ನಡುವೆ ಬರೆದದ್ದು ಎಂದು ಅವರೇ ಹೇಳಿಕೊಂಡ ನಾಟಕ ಅದು. ಆ ಒತ್ತಡ ಪುಟಪುಟದಲ್ಲೂ ಕಾಣುತ್ತದೆ. ನನಗೆ ಅದರ ತಿರುಳೆಲ್ಲ ಚಿತ್ರಲೇಖೆಯಲ್ಲಿದೆ. ಪೂರುವನ್ನು ಆಗಷ್ಟೇ ಮದುವೆಯಾಗಿ ಬಂದವಳು. ಗಂಡನ ತ್ಯಾಗದ ಸುದ್ದಿ ಕೇಳಿ ಮೊದಲು ಹೆಮ್ಮೆಪಡುತ್ತಾಳೆ, ಮುಪ್ಪಡರಿದ ಅವನ ಮುಖ ಎದುರಾದಾಗ ಹೌಹಾರುತ್ತಾಳೆ. ಸೊಸೆಯ ಧರ್ಮ ನೆನಪಿಸಲು ಬಂದ ಮಾವನಿಗೆ ಅವಳ ಉತ್ತರ ನೇರವಾದದ್ದು: ನನ್ನ ಗಂಡನ ಯೌವನ ಪಡೆದವರು ನೀವು, ಹಾಗಾದರೆ ನನ್ನನ್ನೂ ಸ್ವೀಕರಿಸಿ. ಅದು ಕಾಮದ ಮಾತು ಎಂದವರನ್ನು ಕಂಡಿದ್ದೇನೆ. ನನಗೆ ಅದು ನ್ಯಾಯದ ಮಾತಾಗಿ ಕೇಳುತ್ತದೆ. ಪಡೆದದ್ದನ್ನು ಪೂರ್ತಿ ಪಡೆಯಿರಿ, ಜೊತೆಗೆ ಬಂದದ್ದನ್ನೂ ಹೊರಿ ಎನ್ನುತ್ತಾಳೆ. ಯಯಾತಿಗೆ ಅದು ಸಾಧ್ಯವಿಲ್ಲ. ಅವಳು ವಿಷ ಕುಡಿಯುತ್ತಾಳೆ.

ತಪ್ಪು ಯಯಾತಿಯದೊಂದೇ ಅಲ್ಲ. ಪೂರು ಧಾರೆಯೆರೆದ ಯೌವನದಲ್ಲಿ ಅವನ ಹೆಂಡತಿಗೂ ಪಾಲಿತ್ತು, ಅವಳನ್ನು ಒಂದು ಮಾತೂ ಕೇಳಲಿಲ್ಲ. ಅಪ್ಪನ ಆಸೆ ಈಡೇರಿಸಲೆಂದು ಬದುಕನ್ನೇ ಒಪ್ಪಿಸುವ ಮಕ್ಕಳನ್ನು ನಮ್ಮ ಮನೆಗಳಲ್ಲಿ ಇಂದಿಗೂ ಹಾಡಿ ಹೊಗಳುತ್ತೇವೆ. ಆ ತ್ಯಾಗದಲ್ಲಿ ಇನ್ನೂ ಯಾರ್ಯಾರದ್ದು ಏನೇನು ಹೋಯಿತು ಎಂದು ವಿಚಾರಿಸುವವರಿಲ್ಲ.

ಆಸೆಪಟ್ಟವನೇ ಅದರ ಫಲ ಉಣ್ಣುವುದಾದರೆ, ಅದು ತೆತ್ತ ಬೆಲೆಗೆ ತಕ್ಕದ್ದೋ ಅಲ್ಲವೋ ಎಂದು ಅವನೇ ತೂಗಿ ನೋಡಿಕೊಳ್ಳಲಿ. ಸೋತರೂ ಅದು ಅವನ ಸೋಲು. ಇನ್ನೊಬ್ಬರ ಆಯುಸ್ಸನ್ನು ತಕ್ಕಡಿಗಿಡುವ ಹಕ್ಕು ಅವನಿಗಿಲ್ಲ. ಕಾರ್ನಾಡರ ಯಯಾತಿಯೂ ಕೊನೆಗೆ ಮುಪ್ಪನ್ನು ಮರಳಿ ಪಡೆಯುತ್ತಾನೆ, ಪೂರು ಮತ್ತೆ ತರುಣನಾಗುತ್ತಾನೆ. ಚಿತ್ರಲೇಖೆಗೆ ಮಾತ್ರ ಯಾರೂ ಏನನ್ನೂ ಹಿಂತಿರುಗಿಸಲಾರರು.