ಚುಕ್ಕಿ ಗೆರೆಯ ನಂಟು

ಮನೆತನದ ವಂಶವೃಕ್ಷ ಬರೆಯಲು ಕೂತವರಿಗೆ ಮೊದಲ ಮೂರು ತಲೆಮಾರು ಸಲೀಸು. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜನ ಹೆಸರು ವರ್ಷಕ್ಕೊಮ್ಮೆಯಾದರೂ ಬಾಯಲ್ಲಿ ಬರುತ್ತದೆ. ಉಳಿದ ಮನೆಗಳಲ್ಲೂ ಹಿರಿಯರ ನೆನಪು ಸುಮಾರಾಗಿ ಅಷ್ಟು ದೂರ ಹೋಗುತ್ತದೆ. ತೊಡಕು ಶುರುವಾಗುವುದು ಅದರಾಚೆ. ಅಲ್ಲಿ ಹೆಸರು ಸಿಗುತ್ತದೆ, ನಂಟು ಸಿಗುವುದಿಲ್ಲ. ಹಳೆಯ ಕ್ರಯಪತ್ರಕ್ಕೆ ಸಾಕ್ಷಿ ಹಾಕಿದವನು ಮುತ್ತಜ್ಜನ ಒಡಹುಟ್ಟಿದವನೋ, ದೊಡ್ಡಪ್ಪನ ಮಗನೋ, ದೂರದ ದಾಯಾದಿಯೋ, ಬರೀ ಊರಿನವನೋ ಎಂದು ಹೇಳುವವರು ಯಾರೂ ಉಳಿದಿರುವುದಿಲ್ಲ. ಆಗ ಹೆಚ್ಚಿನವರು ಹೊಂದಿಕೆಯಾದಂತೆ ಕಂಡ ಕಡೆ ಗೆರೆ ಎಳೆದುಬಿಡುತ್ತಾರೆ. ಕೆಲವು ವರ್ಷ ಕಳೆದರೆ ಅದು ಊಹೆಯಾಗಿತ್ತು ಎಂಬುದು ಎಳೆದವರಿಗೇ ಮರೆತುಹೋಗುತ್ತದೆ. ಮನೆತನದ ಪುಸ್ತಕದಲ್ಲಿ ಅಚ್ಚಾದ ಮೇಲಂತೂ ಅದೇ ಆಧಾರ. ಖಚಿತವಾಗದ ನಂಟನ್ನು ಚುಕ್ಕಿ ಗೆರೆಯಲ್ಲಿ ತೋರಿಸಿ ಪಕ್ಕದಲ್ಲಿ ಕಾರಣ ಬರೆಯಬೇಕು, ಒಂದರಿಂದೊಂದು ಹುಟ್ಟದ ಎರಡು ಸಾಕ್ಷಿಯಾದರೂ ಸಿಗುವ ತನಕ ಅದನ್ನು ಗಟ್ಟಿ ಗೆರೆ ಮಾಡಬಾರದು ಎಂಬುದು ಈ ವಾರದ ನನ್ನ ವಾದ.

ನಮ್ಮ ಕಡೆಯ ದಾಖಲೆಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಳೇ ಮೈಸೂರಿನ ಕಂದಾಯ ಕಾಗದಗಳಲ್ಲಿ ಗಂಡಸಿನ ಹೆಸರಿಗೆ ‘ಬಿನ್’ ಸೇರಿಸಿ ತಂದೆಯ ಹೆಸರನ್ನೂ ಹೆಂಗಸಿನ ಹೆಸರಿಗೆ ‘ಕೋಂ’ ಸೇರಿಸಿ ಗಂಡನ ಹೆಸರನ್ನೂ ಬರೆಯುವ ರೂಢಿ. ಇದರ ಜೊತೆಗೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ. ತಿಮ್ಮಯ್ಯ ಬಿನ್ ರಂಗಯ್ಯನ ಮಗ ರಂಗಯ್ಯ ಬಿನ್ ತಿಮ್ಮಯ್ಯ, ಅವನ ಮಗ ಮತ್ತೆ ತಿಮ್ಮಯ್ಯ ಬಿನ್ ರಂಗಯ್ಯ. ಇಸವಿ ನೋಡದೆ ಹೆಸರನ್ನಷ್ಟೇ ನೋಡಿದರೆ ಅಜ್ಜ ಮೊಮ್ಮಗ ಇಬ್ಬರೂ ಒಬ್ಬನೇ ಆಗಿ, ಎರಡು ತಲೆಮಾರು ಮಾಯವಾಗುತ್ತವೆ. ದತ್ತು ಹೋದವನ ಬಿನ್‌ನಲ್ಲಿ ಹೆತ್ತವನ ಹೆಸರು ಇರುವುದೇ ಇಲ್ಲ. ಕೋಂ ಬಂದ ಕಡೆ ಹೆಣ್ಣಿನ ತವರು ಅಳಿಸಿಹೋಗುತ್ತದೆ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಸಾಗುವುದು ತಾಯಿಯ ಕಡೆಯಿಂದ. ಯಜಮಾನಿಕೆ ತಮ್ಮನಿಗೋ ಸೋದರಳಿಯನಿಗೋ ಹೋಗುತ್ತಿತ್ತು. ಒಬ್ಬ ಯಜಮಾನನ ನಂತರ ಬಂದವನನ್ನು ಅವನ ಮಗ ಎಂದು ಬರೆದುಕೊಂಡರೆ ಇಡೀ ಮರವೇ ತಪ್ಪಾಗುತ್ತದೆ.

ಇಂಥಲ್ಲಿ ಯಾವ ಕಾಗದವನ್ನು ಎಷ್ಟು ನಂಬಬೇಕು? ಕಾನೂನು ಇದಕ್ಕೊಂದು ಒಳ್ಳೆಯ ಅಳತೆ ಕೊಟ್ಟಿದೆ. 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಮು, ರಕ್ತ, ಮದುವೆ ಅಥವಾ ದತ್ತಿನ ಸಂಬಂಧದ ಬಗ್ಗೆ ತೀರಿಹೋದವರ ಹೇಳಿಕೆಯನ್ನು ಒಪ್ಪುತ್ತಿತ್ತು. ಆದರೆ ಎರಡು ಷರತ್ತು: ಹೇಳಿದವರಿಗೆ ಆ ಸಂಬಂಧವನ್ನು ತಿಳಿಯುವ ವಿಶೇಷ ಅವಕಾಶ ಇದ್ದಿರಬೇಕು, ಮತ್ತು ವಿವಾದ ಹುಟ್ಟುವ ಮುಂಚೆ ಆ ಮಾತು ಬಂದಿರಬೇಕು. ಉಯಿಲು, ಕುಟುಂಬದ ವಂಶಾವಳಿ, ಸಮಾಧಿ ಕಲ್ಲಿನ ಬರಹ ಕೂಡ ಈ ಸಾಲಿಗೆ ಸೇರಿದ್ದವು. ಆ ಕಾಯ್ದೆಯ ಜಾಗಕ್ಕೆ ಬಂದಿರುವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ವವನ್ನು ಉಳಿಸಿಕೊಂಡಿದೆ. ವಂಶವೃಕ್ಷ ಬರೆಯುವವರು ಪ್ರತಿ ಕಾಗದಕ್ಕೂ ಇದನ್ನೇ ಕೇಳಬೇಕು: ಬರೆಸಿದವರಿಗೆ ಗೊತ್ತಿತ್ತೇ, ಬರೆಸಿದಾಗ ಅವರಿಗೇನು ಬೇಕಿತ್ತು? ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷದ ಪತ್ರವನ್ನು ಹೆಚ್ಚಾಗಿ ಪೌತಿ ಖಾತೆಗೋ ಆಸ್ತಿ ಹಂಚಿಕೆಗೋ ಮಾಡಿಸುತ್ತಾರೆ. ಅದು ಮನೆಯವರ ಹೇಳಿಕೆಯ ಮೇಲೆ ನಿಂತದ್ದು. ಮಕ್ಕಳಿಲ್ಲದೆ ತೀರಿಕೊಂಡವರು ಅದರಲ್ಲಿ ಬಿಟ್ಟುಹೋಗುವುದುಂಟು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ಅದಕ್ಕೂ ಹಿಂದಿನ ಆಸ್ತಿ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ ಎಂದಮಾತ್ರಕ್ಕೆ ಆ ಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ ಎನ್ನಲಾಗದು. ಇನ್ನೊಂದು ಮಾತು: ಆ ಹೇಳಿಕೆಯಿಂದ ಮ್ಯುಟೇಶನ್, ಮ್ಯುಟೇಶನ್‌ನಿಂದ ಪಹಣಿ. ಕಾಗದ ಮೂರಾದರೂ ಸಾಕ್ಷಿ ಒಂದೇ.

ಹಾಗಾದರೆ ಎರಡನೆಯ ಸಾಕ್ಷಿ ಎಲ್ಲಿ? ನಂಟನ್ನು ಹೇಳಬೇಕೆಂಬ ಉದ್ದೇಶವೇ ಇಲ್ಲದ ಬರಹಗಳಲ್ಲಿ ಹುಡುಕಬೇಕು. ನೆಲದ ಕಾಗದಗಳನ್ನೇ ತೆಗೆದುಕೊಳ್ಳಿ. ಒಂದು ಸರ್ವೆ ನಂಬರು 45/1, 45/2, 45/3 ಎಂದು ಹಿಸ್ಸಾ ಆಗಿದ್ದು, ಮೂರರ ಖಾತೆದಾರರಿಗೂ ಒಂದೇ ಬಿನ್ ಇದ್ದರೆ ಅವರು ಅಣ್ಣತಮ್ಮಂದಿರಿರಬಹುದು ಎಂಬ ಸುಳಿವು ಸಿಕ್ಕಿತು. ಸುಳಿವು ಅಷ್ಟೇ, ಒಬ್ಬ ಕ್ರಯಕ್ಕೆ ಕೊಂಡವನೂ ಆಗಿರಬಹುದು. ಪೋಡಿ ಆದದ್ದು ಪಾಲಿನಿಂದಲೋ ಕ್ರಯದಿಂದಲೋ ಎಂದು ಮ್ಯುಟೇಶನ್ ರಿಜಿಸ್ಟರಿನಲ್ಲಿ ನೋಡಬೇಕು. ಆಮೇಲೆ ಪಕ್ಕದ ಜಮೀನಿನವರ ಹಳೆಯ ಕ್ರಯಪತ್ರ ಹುಡುಕಿ ಚಕ್ಕುಬಂದಿ ಓದಬೇಕು. ಪೂರ್ವಕ್ಕೆ ಇಂಥವನ ಜಮೀನು, ಪಶ್ಚಿಮಕ್ಕೆ ಅವನ ತಮ್ಮನ ಹಿಸ್ಸೆ ಎಂದು ಅಲ್ಲಿ ಬರೆದಿದ್ದರೆ ಅದಕ್ಕೆ ಬೆಲೆ ಹೆಚ್ಚು. ಬರೆಸಿದವನು ಹೊರಗಿನವನು, ನಮ್ಮ ಮನೆತನದ ನಂಟಿನಿಂದ ಅವನಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಸಾಕ್ಷಿ ಹಾಕಿದವರು, ಕೊನೆಯಲ್ಲಿ ಬಿಕ್ಕಲಂ ಎಂದು ಸಹಿ ಮಾಡಿದ ಬರಹಗಾರ, ಇವರ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು. ಒಂದೇ ಮನೆಯ ಹಲವು ಪತ್ರಗಳಿಗೆ ಮತ್ತೆ ಮತ್ತೆ ಸಾಕ್ಷಿ ಹಾಕಿದವನು ಬೀಗನೋ ಸೋದರಮಾವನೋ ಆಗಿರುವ ಸಂಭವವಿದೆ, ಅಲ್ಲಿಂದ ಹೆಣ್ಣಿನ ತವರಿನ ದಾರಿ ತೆರೆಯಬಹುದು.

ಇದಕ್ಕೆ ಮೊದಲ ಆಕ್ಷೇಪ ಮನೆಯೊಳಗಿನಿಂದಲೇ ಬರುತ್ತದೆ: ಹಿರಿಯರು ಹೇಳಿದ್ದನ್ನು ಅನುಮಾನಿಸುವುದು ತಪ್ಪಲ್ಲವೇ? ಹಿರಿಯರ ಮಾತನ್ನು ಯಾರು, ಯಾವಾಗ, ಯಾರಿಂದ ಕೇಳಿ ಹೇಳಿದರು ಎಂಬ ವಿವರದ ಸಮೇತ ಬರೆದಿಡುವುದೇ ಅದಕ್ಕೆ ಕೊಡುವ ಮರ್ಯಾದೆ. ದೊಡ್ಡಪ್ಪನ ಮಗನನ್ನೂ ನಾವು ಅಣ್ಣ ಎನ್ನುತ್ತೇವೆ, ಸೋದರಮಾವನನ್ನೂ ಹೆಣ್ಣು ಕೊಟ್ಟವನನ್ನೂ ಮಾವ ಎನ್ನುತ್ತೇವೆ. ಹೇಳಿದವರದು ಸುಳ್ಳಲ್ಲ, ಕೇಳಿದವರು ಬಿಡಿಸಿ ಕೇಳಲಿಲ್ಲ. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಕೂತು ಊರೂರಿಗೆ ಬಂದು ಮನೆತನದ ವಂಶಾವಳಿ ಹೇಳುವ ಹೆಳವರ ಪರಂಪರೆ ಅಮೂಲ್ಯವಾದದ್ದು. ಮನೆಯವರ ನೆನಪಿಗೆ ಹೊರತಾಗಿ ಇನ್ನೊಂದು ಬಾಯಿಯಿಂದ ಬಾಯಿಗೆ ಬಂದ ಮಾತು ಅದು. ಹತ್ತಿರದ ತಲೆಮಾರುಗಳನ್ನು ಮನೆಯವರಿಂದಲೇ ಕೇಳಿ ಸೇರಿಸಿಕೊಂಡ ಭಾಗ ಯಾವುದು ಎಂಬುದನ್ನು ಬೇರ್ಪಡಿಸಿಕೊಂಡರೆ ಉಳಿದದ್ದಕ್ಕೆ ತೂಕ ಬರುತ್ತದೆ.

ಎರಡನೆಯ ಆಕ್ಷೇಪ ಹೊಸ ಕಾಲದ್ದು: ಡಿಎನ್‌ಎ ಪರೀಕ್ಷೆ ಇರುವಾಗ ಈ ಕಾಗದ ತಡಕಾಟ ಯಾಕೆ? ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರೇ ತಮ್ಮ ಮನೆಯ ಗುಲಾಮಗಿರಿಯಲ್ಲಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಕ್ಕಳ ತಂದೆ ಎಂಬ ವಾದ ಬಹುಕಾಲ ನಡೆಯಿತು. 1998ರ ಪರೀಕ್ಷೆಯಲ್ಲಿ ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ಗಂಡು ಸಂತತಿಯ ವೈ ವರ್ಣತಂತು ಜೆಫರ್ಸನ್ ಮನೆತನದ್ದಕ್ಕೆ ಹೊಂದಿಕೆಯಾಯಿತು. ಆದರೆ ವೈ ವರ್ಣತಂತು ಮನೆತನದ ಗಂಡಸರಿಗೆಲ್ಲ ಒಂದೇ. ತಮ್ಮ ರ‍್ಯಾಂಡಾಲ್ಫ್ ಅಲ್ಲ, ಥಾಮಸ್ಸೇ ಎಂದು ಅದೊಂದೇ ಹೇಳಲಾರದು. ತೀರ್ಮಾನ ಗಟ್ಟಿಯಾದದ್ದು ಸ್ಯಾಲಿ ಗರ್ಭ ಧರಿಸಿದ ಕಾಲಕ್ಕೆಲ್ಲ ಜೆಫರ್ಸನ್ ತಮ್ಮ ಮಾಂಟಿಚೆಲೋ ಮನೆಯಲ್ಲಿ ಇದ್ದರೆಂಬ ದಾಖಲೆ ಮತ್ತು 1873ರಲ್ಲಿ ಇನ್ನೊಬ್ಬ ಮಗ ಮ್ಯಾಡಿಸನ್ ಕೊಟ್ಟ ಹೇಳಿಕೆ ಇದಕ್ಕೆ ಸೇರಿದಾಗ. ನಮ್ಮಲ್ಲಿ ತೊಡಕು ಇನ್ನೂ ಹೆಚ್ಚು. ಅಜ್ಜ, ಚಿಕ್ಕಪ್ಪ, ಮಲತಾಯಿಯ ಮಗ, ಈ ಮೂವರೂ ನಮ್ಮೊಡನೆ ಹಂಚಿಕೊಳ್ಳುವ ಡಿಎನ್‌ಎ ಸರಾಸರಿ ಕಾಲುಭಾಗ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಟ್ಟು ತಂದ ಮನೆಗಳಲ್ಲಿ ಈ ಪಾಲು ಮತ್ತೂ ಏರಿ, ದೂರದ ನಂಟು ಹತ್ತಿರದ್ದಾಗಿ ಕಾಣುತ್ತದೆ. ಅಲ್ಲಿ ಪರೀಕ್ಷೆಯ ಅರ್ಥ ಬಿಡಿಸಲು ಕಾಗದವೇ ಬೇಕು.

ಚುಕ್ಕಿ ಗೆರೆ ತುಂಬಿದ ವಂಶವೃಕ್ಷ ಅರೆಬರೆಯಾಗಿ ಕಾಣುತ್ತದೆ, ಮಕ್ಕಳ ಕೈಗೆ ಹೇಗೆ ಕೊಡುವುದು ಎಂಬ ಅಳುಕು ಸಹಜ. ಆದರೆ ತಪ್ಪು ಗಟ್ಟಿ ಗೆರೆಯ ಮೇಲೆ ಮುಂದಿನವರು ಇನ್ನೂ ನಾಲ್ಕು ತಲೆಮಾರು ಕಟ್ಟುತ್ತಾರೆ. ಚುಕ್ಕಿ ಗೆರೆ ಮಾತ್ರ ಎಲ್ಲಿ ಹುಡುಕಬೇಕೆಂದು ಅವರಿಗೆ ತೋರಿಸುತ್ತದೆ. ಬದುಕಿರುವವರ ದತ್ತು, ಮರುಮದುವೆಯಂಥ ವಿಷಯವಾದರೆ ಅವರ ಒಪ್ಪಿಗೆಯಿಲ್ಲದೆ ಅಚ್ಚಿಗೆ ಕೊಡಬೇಡಿ. ನಿಮ್ಮ ಮನೆಯ ವಂಶವೃಕ್ಷವನ್ನು ಈ ವಾರ ಒಮ್ಮೆ ಹೊರತೆಗೆಯಿರಿ. ಪ್ರತಿ ಗೆರೆಯ ಪಕ್ಕ ಆಧಾರ ಬರೆಯಿರಿ. ಆಧಾರ ತೋಚದ ಗೆರೆಯನ್ನು ಇಂದೇ ಚುಕ್ಕಿಗೆ ಇಳಿಸಿ.