ಔಟ್‌ರನ್ ಪರಂಪರೆ ಮತ್ತು ಅದರ ಉತ್ತರಭಾಗ

ಆರ್ಕೇಡ್ ಆಟ, ಅಂದರೆ ಆಟದಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರದ ಆಟ, ತನ್ನ ನಿಯಮಗಳನ್ನು ಮೊದಲ ನಿಮಿಷದೊಳಗೇ ಕಲಿಸಿ, ಕೆಲವೇ ನಿಮಿಷಗಳಲ್ಲಿ ಮುಗಿದು, ಆಟಗಾರನ ಕೈ ಮತ್ತೆ ಜೇಬಿಗೆ ಹೋಗುವಂತೆ ಮಾಡಬೇಕಾಗುತ್ತದೆ. ನಿಜವಾದ ವಾಹನದ ವರ್ತನೆಯನ್ನು ಅನುಕರಿಸುವ ಸಿಮ್ಯುಲೇಶನ್ ಆಟಗಳಿಗೆ, ಉದಾಹರಣೆಗೆ 1997ರಲ್ಲಿ ಆರಂಭವಾದ ಗ್ರ್ಯಾನ್ ಟ್ಯೂರಿಸ್ಮೊ ಸರಣಿಗೆ, ಕಾರುಗಳನ್ನೂ ಟ್ರ್ಯಾಕುಗಳನ್ನೂ ಸೇರಿಸುತ್ತ ಹೋಗುವ ಅವಕಾಶವಿದೆ. ಐದಾರು ನಿಮಿಷಗಳ ಆರ್ಕೇಡ್ ಆಟಕ್ಕೆ ಆ ಸವಲತ್ತು ಇಲ್ಲ. ಆದ್ದರಿಂದ ಇಂಥ ಆಟದ ಉತ್ತರಭಾಗವನ್ನು ಅಳೆಯುವಾಗ ಅದು ಎಷ್ಟು ಸೇರಿಸಿತು ಎನ್ನುವುದಕ್ಕಿಂತ, ಮೂಲದ ಸೊಗಸು ಯಾವ ನಿಯಮದಿಂದ ಹುಟ್ಟಿತ್ತೆಂಬುದನ್ನು ಅರಿತು ಅದನ್ನು ಉಳಿಸಿಕೊಂಡಿತೇ ಎನ್ನುವುದೇ ಮುಖ್ಯವಾಗುತ್ತದೆ. ಜಪಾನಿನ ಸೆಗಾ ಸಂಸ್ಥೆಯ ಔಟ್‌ರನ್ ಸರಣಿ ಈ ಮಾತಿಗೆ ಒಳ್ಳೆಯ ನಿದರ್ಶನ.

1986ರಲ್ಲಿ ಸೆಗಾದ ಯು ಸುಜುಕಿ ರೂಪಿಸಿದ ಔಟ್‌ರನ್ ಹೊರನೋಟಕ್ಕೆ ರೇಸಿನ ಆಟದಂತೆ ಕಂಡರೂ ಅದರಲ್ಲಿ ಗೆಲ್ಲಬೇಕಾದ ಎದುರಾಳಿ ಯಾರೂ ಇರಲಿಲ್ಲ. ಫೆರಾರಿ ಟೆಸ್ಟರೊಸ್ಸಾವನ್ನು ಹೋಲುವ, ಮೇಲ್ಛಾವಣಿಯಿಲ್ಲದ ಕೆಂಪು ಕಾರು, ಪಕ್ಕದ ಸೀಟಿನಲ್ಲೊಬ್ಬ ಯುವತಿ, ಎಡೆಬಿಡದೆ ಇಳಿಯುವ ಗಡಿಯಾರ: ಇಷ್ಟೇ ಅದರ ಬಂಡವಾಳ. ಪ್ರತಿ ಹಂತದ ಕೊನೆಗಿರುವ ಚೆಕ್‌ಪಾಯಿಂಟ್, ಅಂದರೆ ಹೆಚ್ಚುವರಿ ಸಮಯ ಕೊಡುವ ಗಡಿಗೆರೆ, ಸಮೀಪಿಸುವಾಗ ರಸ್ತೆ ಅಗಲವಾಗಿ ಎರಡಾಗಿ ಸೀಳುತ್ತದೆ. ಎಡವೋ ಬಲವೋ ಎಂಬುದನ್ನು ಸ್ಟೀರಿಂಗ್ ತಿರುಗಿಸಿಯೇ ಹೇಳಬೇಕು. ಒಟ್ಟು 15 ಹಂತಗಳಿದ್ದರೂ ಒಂದು ಆಟದಲ್ಲಿ ಸಿಗುವುದು 5 ಮಾತ್ರ; ನಾಲ್ಕು ಕವಲುಗಳಿಂದ 16 ದಾರಿಗಳು ಹುಟ್ಟುತ್ತವೆ, ಐದು ಗುರಿಗಳಿಗೆ ಐದು ಬಗೆಯ ಮುಕ್ತಾಯಗಳಿವೆ. ಆಟ ಶುರುವಾಗುವ ಮುನ್ನ ತೆರೆಯ ಮೇಲೊಂದು ಕೈ ರೇಡಿಯೋದ ಗುಂಡಿ ತಿರುಗಿಸುತ್ತದೆ. ಹಿರೋಶಿ ಕವಾಗುಚಿ ಸಂಯೋಜಿಸಿದ ಮೂರು ಧಾಟಿಗಳಲ್ಲಿ ಒಂದನ್ನು ಆರಿಸಿಕೊಂಡ ಬಳಿಕವೇ ಕಾರು ಹೊರಡುತ್ತದೆ. ಪ್ರಯಾಣಿಕನಿಗಿರುವ ಆಯ್ಕೆಗಳನ್ನು ಆಟಗಾರನಿಗೂ ಕೊಡುವ ಈ ವ್ಯವಸ್ಥೆಯೇ ಔಟ್‌ರನ್ನಿನ ತಿರುಳು.

ತಾಂತ್ರಿಕವಾಗಿ ಅದು ಸ್ಪ್ರೈಟ್‌ಗಳ, ಅಂದರೆ ಚಪ್ಪಟೆ ಚಿತ್ರಗಳ ಕಾಲದ ಕೃತಿ. ಮರ, ಫಲಕ, ಲಾರಿಗಳ ಚಪ್ಪಟೆ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಹಿಗ್ಗಿಸುತ್ತ ದೂರದ ವಸ್ತು ಹತ್ತಿರ ಬಂದಂತೆ ಯಂತ್ರಾಂಶ ತೋರಿಸುತ್ತಿತ್ತು. ರಸ್ತೆಬದಿಯ ಕಂಬಕ್ಕೆ ಬಡಿದರೆ ಕಾರು ಪಲ್ಟಿ ಹೊಡೆದು ಇಬ್ಬರೂ ನೆಲಕ್ಕೆ ಬೀಳುತ್ತಿದ್ದರು, ಆಗಲೂ ಗಡಿಯಾರ ನಿಲ್ಲುತ್ತಿರಲಿಲ್ಲ. ವಿಹಾರದ ಹಗುರತನಕ್ಕೆ ಭಾರ ಒದಗಿಸುತ್ತಿದ್ದುದು ಈ ನಿರ್ದಯೆಯೇ.

ಮೊದಲ ಉತ್ತರಾಧಿಕಾರಿಗಳು ಈ ತಿರುಳನ್ನು ಅಷ್ಟಾಗಿ ಗುರುತಿಸಲಿಲ್ಲ. 1989ರ ಟರ್ಬೊ ಔಟ್‌ರನ್ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ವರೆಗಿನ ಒಂದೇ ನೇರ ದಾರಿಯನ್ನಿಟ್ಟುಕೊಂಡು ಕವಲುಗಳನ್ನು ಕೈಬಿಟ್ಟಿತು. ಬದಲಿಗೆ ಎದುರಾಳಿ ಕಾರನ್ನೂ ಪೊಲೀಸರನ್ನೂ, ಗುಂಡಿಯೊತ್ತಿದರೆ ವೇಗ ಚಿಮ್ಮಿಸುವ ಟರ್ಬೊವನ್ನೂ ತಂದಿತು. ಆಟದ ಸಾಮಗ್ರಿ ಹೆಚ್ಚಿತು, ಆದರೆ ವಿಹಾರ ಪಂದ್ಯವಾಯಿತು. ಆ ಬಳಿಕ ಬಂದ ಔಟ್‌ರನ್ನರ್ಸ್ ಕವಲುಗಳನ್ನು ಮರಳಿ ತಂದರೂ, ಜೋಡಿಸಿದ ಯಂತ್ರಗಳಲ್ಲಿ ಕುಳಿತವರ ಪೈಪೋಟಿಗೇ ಒತ್ತು ಕೊಟ್ಟಿತು.

2003ರಲ್ಲಿ ಸೆಗಾದ ಎಎಂ2 ವಿಭಾಗ ಹೊರತಂದ ಔಟ್‌ರನ್ 2 ಈ ಹಿನ್ನೆಲೆಯಲ್ಲಿ ಗಮನ ಸೆಳೆಯುತ್ತದೆ. ಮೈಕ್ರೋಸಾಫ್ಟಿನ ಮನೆಯಾಟದ ಯಂತ್ರವಾದ ಎಕ್ಸ್‌ಬಾಕ್ಸ್ ಆಧರಿಸಿದ ಚಿಹಿರೊ ಯಂತ್ರಾಂಶದಲ್ಲಿ ಜಗತ್ತು ಈಗ ಪಾಲಿಗಾನ್‌ಗಳದು, ಅಂದರೆ ಬಹುಭುಜಗಳನ್ನು ಜೋಡಿಸಿ ಕಟ್ಟಿದ ಮೂರು ಆಯಾಮದ್ದು. ಕಾರುಗಳು ಅಧಿಕೃತ ಪರವಾನಗಿ ಪಡೆದ ಫೆರಾರಿಗಳು. ಆದರೂ ಆಟದ ಎಲುಬಿನ ಗೂಡು 1986ರದೇ: 15 ಹಂತಗಳು, ಐದು ಗುರಿಗಳು, ಎಡಕ್ಕೆ ಸುಲಭದ ದಾರಿ, ಬಲಕ್ಕೆ ಕಠಿಣದ್ದು. ಕಡಲತೀರದಲ್ಲಿ ಹೊರಟ ಕಾರು ಎಲ್ಲಿಯೂ ನಿಲ್ಲದೆ ಹೂದೋಟಕ್ಕೋ ಹಿಮದ ಬೆಟ್ಟಕ್ಕೋ ಸಾಗುತ್ತದೆ, ನೋಟ ಕಣ್ಣೆದುರೇ ಬದಲಾಗುತ್ತದೆ.

ಹೊಸದಾಗಿ ಸೇರಿದ ಮುಖ್ಯ ಕ್ರಿಯೆ ಒಂದೇ, ಡ್ರಿಫ್ಟ್. ಅಂದರೆ ಹಿಂದಿನ ಚಕ್ರಗಳನ್ನು ಜಾರಿಸುತ್ತ ತಿರುವು ದಾಟುವ ವಿಧಾನ. ತಿರುವಿನ ಬಾಯಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿ ಬ್ರೇಕನ್ನು ಮುಟ್ಟಿದಂತೆ ಮಾಡಿ, ಸ್ಟೀರಿಂಗ್ ತಿರುಗಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದರೆ ಕಾರು ಅಡ್ಡಡ್ಡವಾಗಿ ಜಾರತೊಡಗುತ್ತದೆ. ಸರಿಯಾದ ಗಳಿಗೆಯಲ್ಲಿ ಸ್ಟೀರಿಂಗನ್ನು ಎದುರು ದಿಕ್ಕಿಗೆ ತರದಿದ್ದರೆ ಗೋಡೆ ಕಾದಿರುತ್ತದೆ. ನಿಜವಾದ ರಸ್ತೆಯಲ್ಲಿ ಇಂಥ ಜಾರುವಿಕೆ ವೇಗವನ್ನು ನುಂಗಿಬಿಡುತ್ತದೆ, ಇಲ್ಲಿ ಅದರ ನಷ್ಟ ಅತ್ಯಲ್ಪ. ನಾಮ್ಕೊ ಸಂಸ್ಥೆಯ ರಿಡ್ಜ್ ರೇಸರ್ 1993ರಲ್ಲೇ ಡ್ರಿಫ್ಟನ್ನು ಆರ್ಕೇಡಿನ ನುಡಿಗಟ್ಟಾಗಿಸಿದ್ದರಿಂದ ಇದನ್ನು ಹೊಸ ಶೋಧವೆನ್ನಲಾಗದು. ಆದರೆ ಮೂಲದಲ್ಲಿ ತಿರುವು ಬಂದಾಗ ಗೇರ್ ಇಳಿಸುತ್ತ ವೇಗಕ್ಕೆ ಕಡಿವಾಣ ಹಾಕುತ್ತಿದ್ದ ಆಟಗಾರ ಇಲ್ಲಿ ತಿರುವಿನಲ್ಲೇ ಹೆಚ್ಚು ಸುಖ ಕಾಣುತ್ತಾನೆ. ಟರ್ಬೊ ನೇರ ರಸ್ತೆಯ ವೇಗವನ್ನಷ್ಟೇ ಹೆಚ್ಚಿಸಿತ್ತು, ಡ್ರಿಫ್ಟ್ ಇಡೀ ದಾರಿಯನ್ನೇ ರುಚಿಕಟ್ಟಾಗಿಸಿತು.

ಈ ಲಾಭಕ್ಕೆ ಬೆಲೆಯೂ ಇದೆ. ಔಟ್‌ರನ್ 2ರಲ್ಲಿ ಡಿಕ್ಕಿ ಹೊಡೆದ ಕಾರು ವೇಗ ಕಳೆದುಕೊಂಡು ಬಹುಮಟ್ಟಿಗೆ ಬೇಗನೆ ದಾರಿಗೆ ಮರಳುವುದರಿಂದ ಮೂಲದ ಪಲ್ಟಿ ಹುಟ್ಟಿಸುತ್ತಿದ್ದ ಅಂಜಿಕೆ ತೆಳುವಾಗಿದೆ. ಹಾರ್ಟ್ ಅಟ್ಯಾಕ್ ಎಂಬ ಇನ್ನೊಂದು ವಿಧಾನದಲ್ಲಿ ಪಕ್ಕದ ಯುವತಿ ಡ್ರಿಫ್ಟ್ ಮಾಡು, ಕಾರುಗಳನ್ನು ಹಿಂದಿಕ್ಕು ಎಂದು ಕೇಳುತ್ತ, ಚಾಲನೆಗೆ ಶಾಲೆಯ ಪರೀಕ್ಷೆಯಂತೆ ದರ್ಜೆ ಸಿಗುವಂತೆ ಮಾಡುತ್ತಾಳೆ. ಜೊತೆಗಾತಿ ತೀರ್ಪುಗಾರ್ತಿಯಾದಾಗ ವಿಹಾರದ ಬಿಡುವು ಸೊರಗುತ್ತದೆ; ಹೆಣ್ಣನ್ನು ಪುರುಷ ಚಾಲಕನ ಬಹುಮಾನವಾಗಿ ಕಾಣುವ 1986ರ ಕಲ್ಪನೆಯೂ ಪ್ರಶ್ನೆಗೊಳಗಾಗದೆ ಮುಂದುವರಿಯುತ್ತದೆ. ಬ್ರಿಟನ್ನಿನ ಸುಮೊ ಡಿಜಿಟಲ್ 2004ರಲ್ಲಿ ಈ ಆಟವನ್ನು ಎಕ್ಸ್‌ಬಾಕ್ಸಿಗೆ ತಂದಾಗ ಮನೆಯ ಆಟಕ್ಕೆ ಬೇಕಾದ ಉದ್ದಕ್ಕಾಗಿ ಸಾಲುಸಾಲು ಸವಾಲುಗಳನ್ನು ಸೇರಿಸಿತು. ಅವು ಆಟದ ಅವಧಿಯನ್ನು ಹಿಗ್ಗಿಸಿದವೇ ಹೊರತು ಅದರ ಅನುಭವವನ್ನು ಆಳಗೊಳಿಸಲಿಲ್ಲ; ಮೂಲ ವಿಧಾನದ ಐದು ಹಂತಗಳ ಓಟವೇ ಇಂದಿಗೂ ಅದರ ಉತ್ತಮ ಭಾಗ.

ಪರವಾನಗಿಯ ಪರಿಣಾಮ ಇನ್ನೂ ಕಹಿಯಾದದ್ದು. ಇದೇ ಆಟದ ಡೌನ್‌ಲೋಡ್ ರೂಪವಾಗಿ 2009ರಲ್ಲಿ ಬಂದ ಔಟ್‌ರನ್ ಆನ್‌ಲೈನ್ ಆರ್ಕೇಡ್, ಫೆರಾರಿ ಒಪ್ಪಂದದ ಅವಧಿ ತೀರಿದ ಬಳಿಕ ಮಾರಾಟದಿಂದಲೇ ಮರೆಯಾಯಿತು. ಕಾರಿನ ಹೆಸರು ಆಟದ ಸೊಗಸಿಗೆ ಅನಿವಾರ್ಯವಲ್ಲದಿದ್ದರೂ ಆಟದ ಆಯುಷ್ಯ ಆ ಹೆಸರಿಗೆ ಕಟ್ಟುಬಿದ್ದಿತ್ತು. ಈ ಕೊರತೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ, ಹದಿನೇಳು ವರ್ಷಗಳ ನಂತರ ಬಂದ ಔಟ್‌ರನ್ 2 ತನ್ನ ಮೂಲಕೃತಿಯ ಬಗೆಗಿನ ಒಳ್ಳೆಯ ವಿಮರ್ಶೆಯೂ ಆಗಿದೆ: ಕವಲನ್ನೂ ಗಡಿಯಾರವನ್ನೂ ಸಂಗೀತದ ಆಯ್ಕೆಯನ್ನೂ ಮುಟ್ಟದೆ ಬಿಟ್ಟು, ತಿರುವೊಂದನ್ನೇ ಬದಲಿಸಿದ ಅದರ ವಿವೇಚನೆ, ಎಲ್ಲವನ್ನೂ ಹೆಚ್ಚಿಸಲು ಹೊರಟ ಟರ್ಬೊ ಔಟ್‌ರನ್‌ಗೆ ಇರಲಿಲ್ಲ.