ಬಿಸಿಲುಂಡ ಚರ್ಮವೂ ಅಂಟುಪಟ್ಟಿಯ ಸಾಕ್ಷ್ಯವೂ

ಬಿಸಿಲಿನಿಂದ ಕೆಟ್ಟ ಚರ್ಮದ ಆನುವಂಶಿಕ ಸ್ಥಿತಿಯನ್ನು ಅರಿಯಲು ಅದರ ತುಣುಕನ್ನು ಶಸ್ತ್ರದಿಂದ ಕತ್ತರಿಸಿ ತೆಗೆಯುವುದು ರೂಢಿಯ ಕ್ರಮ. ಅದಕ್ಕೆ ಬದಲಾಗಿ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಎಳೆದು, ಅದಕ್ಕೆ ಹತ್ತಿಬಂದ ಕೋಶಗಳಲ್ಲಿ ಡಿ.ಎನ್.ಎ.ಯನ್ನು ಪರೀಕ್ಷಿಸುವ ಕ್ರಮವೂ ಈಗ ಬಂದಿದೆ. ಪಟ್ಟಿಯ ಉಪಯೋಗ ಹೊಸತಲ್ಲ. ಹರ್ಮನ್ ಪಿಂಕಸ್ ಅವರು 1951ರಲ್ಲಿಯೇ ಈ ರೀತಿ ಚರ್ಮದ ಮೇಲ್ಪದರಗಳನ್ನು ಒಂದೊಂದಾಗಿ ತೆಗೆದು ಪರಿಶೀಲಿಸಿದ್ದರು. ಹೊಸತಾದುದು ಅದರಿಂದ ನಾವು ನಿರೀಕ್ಷಿಸುವ ಸಾಕ್ಷ್ಯ. ಆ ಸಾಕ್ಷ್ಯದ ಬೆಲೆಯೆಷ್ಟೆಂಬುದೇ ಇಲ್ಲಿಯ ವಿಚಾರ.

ವಿಧಾನದ ಗುಣವನ್ನು ಮೊದಲು ಒಪ್ಪೋಣ. ಇದರಲ್ಲಿ ಹೊಲಿಗೆಯಿಲ್ಲ, ಶಸ್ತ್ರದ ಕಲೆಯೂ ಉಳಿಯದು. ಮುಖದಿಂದಲೂ, ರೋಗವಿಲ್ಲದವರಿಂದಲೂ ಮತ್ತೆ ಮತ್ತೆ ಮಾದರಿ ಪಡೆಯಬಹುದು. ಹುಡುಕಬೇಕಾದ ಗುರುತೂ ಸ್ಪಷ್ಟವಾಗಿದೆ: ಅತಿನೇರಳೆ ಕಿರಣವು ಡಿ.ಎನ್.ಎ.ಯಲ್ಲಿ ನೆರೆಹೊರೆಯ ಪಿರಿಮಿಡಿನ್‌ಗಳನ್ನು ಬೆಸೆಯುತ್ತದೆ. ಮುಂದೆ ಸೈಟೊಸಿನ್ ಇದ್ದೆಡೆಯಲ್ಲಿ ಥೈಮಿನ್ ನಿಲ್ಲುತ್ತದೆ.

ಆದರೆ ಮೂರು ಆಕ್ಷೇಪಗಳನ್ನು ಎತ್ತಲೇಬೇಕು. ಮೊದಲನೆಯದು ಆಳದ್ದು. ಪಟ್ಟಿಗೆ ಮುಖ್ಯವಾಗಿ ಸಿಕ್ಕುವುದು ಮೇಲಿನ ಕೊಂಬುಪದರ. ಅಲ್ಲಿಯ ಕೋಶಗಳು ಸಾಮಾನ್ಯವಾಗಿ ಕೋಶಕೇಂದ್ರವನ್ನು ಕಳೆದುಕೊಂಡವು. ಅವು ತಳಪದರದಲ್ಲಿ ಹುಟ್ಟಿ ಮೇಲೇರಿದವಾದುದರಿಂದ ತಳದ ಸುದ್ದಿಯನ್ನು ಕೊಂಚ ತರುತ್ತವೆ, ನಿಜ. ಆದರೆ ಬಣ್ಣ ತಯಾರಿಸುವ ಕೋಶಗಳು ತಳದಲ್ಲಿಯೇ ನೆಲೆಸುತ್ತವೆ. ಅವುಗಳ ಕೇಡು ಪಟ್ಟಿಗೆ ತಪ್ಪಿಹೋಗಬಹುದು.

ಎರಡನೆಯದು ಹೋಲಿಕೆಯದು. ಬಿಸಿಲಿನಿಂದ ಹುಟ್ಟುವ ಒರಟು ಹುರುಪೆಗಳಲ್ಲಿ ಕೊಂಬುಪದರದ ಕೋಶಗಳೂ ಕೇಂದ್ರವನ್ನು ಉಳಿಸಿಕೊಂಡಿರುವುದುಂಟು. ಹೀಗಿರುವಲ್ಲಿ ಹುರುಪೆಯಿಂದ ಹೆಚ್ಚು ಡಿ.ಎನ್.ಎ., ಪಕ್ಕದ ನಯವಾದ ಚರ್ಮದಿಂದ ಕಡಮೆ ಬರಬಹುದು. ಕಂಡ ಭೇದವು ಬಿಸಿಲಿನದೋ ಮಾದರಿಯ ಪ್ರಮಾಣದ್ದೋ ಎಂದು ವಿವೇಚಿಸದೆ ತೀರ್ಮಾನಿಸುವುದು ಸಲ್ಲದು.

ಮೂರನೆಯದು ಅರ್ಥದ್ದು, ಇದೇ ಗುರುತರವಾದುದು. 2015ರಲ್ಲಿ ಇನಿಗೊ ಮಾರ್ಟಿನ್‌ಕೊರೆನಾ ಮತ್ತು ಸಂಗಡಿಗರು ನಾಲ್ವರ ರೆಪ್ಪೆಯ ಚರ್ಮದಿಂದ 234 ಚಿಕ್ಕ ತುಣುಕುಗಳನ್ನು ತೆಗೆದು 74 ಜೀನುಗಳನ್ನು ಓದಿದರು. ನೋಟಕ್ಕೆ ಆರೋಗ್ಯವಾಗಿದ್ದ ಆ ಚರ್ಮದಲ್ಲಿ, ನಾಲ್ಕನೆಯ ಒಂದು ಭಾಗದಷ್ಟು ಕೋಶಗಳಲ್ಲಿ ಅರ್ಬುದಕ್ಕೆ ಸಂಬಂಧಿಸಿದ ಜೀನುಗಳ ಉತ್ಪರಿವರ್ತನೆಗಳಿದ್ದುವು. ಅರ್ಬುದವಿರಲಿಲ್ಲ. ಅವರು ಅಷ್ಟು ಚಿಕ್ಕ ತುಣುಕುಗಳನ್ನು ಬೇರೆಬೇರೆಯಾಗಿ ಓದಿದ್ದರಿಂದಲೇ ಒಂದೊಂದು ಕೋಶವಂಶದ ವಿಸ್ತಾರ ತಿಳಿಯಿತು. ಅಗಲವಾದ ಪಟ್ಟಿಯಲ್ಲಿ ಹಲವು ವಂಶಗಳು ಬೆರೆತು, ಸಣ್ಣವು ಕಾಣದಾಗುತ್ತವೆ. ಆದುದರಿಂದ ಪಟ್ಟಿಯಲ್ಲಿ ಉತ್ಪರಿವರ್ತನೆ ಕಂಡರೆ ರೋಗವೆಂದಲ್ಲ, ಕಾಣದಿದ್ದರೆ ಕ್ಷೇಮವೆಂದೂ ಅಲ್ಲ. ಈ ಎರಡನೆಯ ತಪ್ಪು ರೋಗಿಗೆ ಬಹಳ ದುಬಾರಿಯಾದೀತು; ಕತ್ತರಿಸಿ ನೋಡಬೇಕಾದ ಮಚ್ಚೆಯೊಂದು ಹಾಗೆಯೇ ಉಳಿದುಬಿಟ್ಟೀತು.

ವಿಧಾನವನ್ನು ತಳ್ಳಿಹಾಕುವುದು ನಮ್ಮ ಆಶಯವಲ್ಲ. ಒಬ್ಬನ ಚರ್ಮವು ಎಷ್ಟು ಬಿಸಿಲುಂಡಿದೆ, ರಕ್ಷಣೆಯಿಂದ ಕಾಲಕ್ರಮದಲ್ಲಿ ಏನು ಬದಲಾಯಿತು ಎಂಬ ಪ್ರಶ್ನೆಗಳಿಗೆ ಅದು ಒದಗಬಲ್ಲುದು. ರೋಗನಿರ್ಣಯದ ಹಕ್ಕನ್ನು ಅದು ಗಳಿಸಬೇಕಾದರೆ, ಒಂದೇ ಎಡೆಯ ಪಟ್ಟಿಯನ್ನೂ ಶಸ್ತ್ರದ ತುಣುಕನ್ನೂ ಜೊತೆಗಿಟ್ಟು, ಎಷ್ಟು ದೊರೆಯಿತೆಂಬುದರಂತೆ ಎಷ್ಟು ತಪ್ಪಿತೆಂಬುದನ್ನೂ ಹೇಳಬೇಕು. ಮಾದರಿ ತೆಗೆಯುವುದು ಸುಲಭವಾದ ಮಾತ್ರಕ್ಕೆ ಅದನ್ನು ಅರ್ಥೈಸುವುದು ಸುಲಭವಾಗುವುದಿಲ್ಲ.